ಮಗ್ಗ ನಿಂತ ಮಧ್ಯಾಹ್ನ

ಬನಶಂಕರಿ ತಾಯಿಯ ಭಕ್ತ ಬಳಗಕ್ಕೆ ಶರಣು. ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಹೋದ ಶ್ರಾವಣದಲ್ಲಿ ನನಗೆ ದಿನ ತುಂಬುತ್ತ ಬಂದಿತ್ತು. ತವರಿನಲ್ಲಿ ಯಾರೂ ಇಲ್ಲದ್ದರಿಂದ ಚೊಚ್ಚಲ ಬಾಣಂತನವೂ ಶಿಗ್ಲಿಯ ಗಂಡನ ಮನೆಯಲ್ಲೇ. ಅಲ್ಲಿ ಎರಡು ಕರೆಂಟ್ ಮಗ್ಗಗಳಿವೆ. ಅವು ಓಡುವಾಗ ನೆಲ, ಗೋಡೆ, ಮೈ ಎಲ್ಲ ನಡುಗುತ್ತವೆ. ಗೋಡೆಗೆ ಒರಗಿ ನೂಲು ಸುತ್ತುತ್ತಿದ್ದ ನಾನು ಹೊಟ್ಟೆಯ ನಡುಕವನ್ನು ಕೂಸಿನ ಮಿಸುಕಾಟವೆಂದೇ ತಿಳಿದಿದ್ದೆ. ಆ ಮಂಗಳವಾರ ಯಾಕೋ ಅನುಮಾನ ಬಂತು; ಕೂಸು ಮೊದಲಿನಂತೆ ಒದೆಯುತ್ತಿಲ್ಲವೇನೋ ಎಂದು ಅತ್ತೆಗೆ ಹೇಳಿದೆ.

ಅತ್ತೆ ನಕ್ಕರು. "ಒಳಗ ಜಾಗಾ ಸಾಲೂದಿಲ್ಲ ಯವ್ವಾ. ಹೊರಗ ಬಂದು ಒದಿತೈತಿ ತಗೊ, ನಿನ್ನ ಗಂಡನ್ಹಾಂಗ."

ನನಗೆ ನಗು ಬರಲಿಲ್ಲ. ದೇವರ ಜಗಲಿಯ ಮುಂದೆ ನಿಂತು, "ತಾಯಿ, ಕೂಸು ಹೆಂಗೈತಿ, ನನಗ ತಿಳಿಸು" ಎಂದು ಬೇಡಿಕೊಂಡು ಹರಕೆ ಹೊತ್ತೆ.

ಮತ್ತೆ ಬಂದು ಕೂತ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮಗ್ಗಗಳು ನಿಂತವು. ಹೊಟ್ಟೆಯೊಳಗಿನ ನಡುಕವೂ ನಿಂತಿತು.

"ಇದರ ಹೆಣಾ ಎತ್ಲಿ, ಸೀರಿ ನೇಯ್ಗಿ ಸೆರಗಿಗೆ ಬಂದಾಗನ ಹೋಗಬೇಕನ!" ಎಂದು ಯಜಮಾನರು ಬೈದರು.

ನೀರು ಕುಡಿದು ಎಡಮಗ್ಗುಲಿಗೆ ಮಲಗಿ ಕಾದೆ. ಏನೂ ಇಲ್ಲ. "ರೀ, ಕೂಸು ಮಿಸುಕಾಡವಲ್ದು. ಇಷ್ಟೊತ್ತನ ಮಿಸುಕ್ಯಾಡಿದ್ದು ನಿಮ್ಮ ಮಗ್ಗ" ಎಂದೆ. ಅವರು ಅಂಗಿ ಹಾಕಿಕೊಂಡರು.

ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಿ ಗದಗಿಗೆ ಹೋದೆವು. ಬಸ್ಸಿನಲ್ಲಿ ಹೊಟ್ಟೆ ಮತ್ತೆ ನಡುಗಿತು. ಈ ಸಲ ನಾನು ನಂಬಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿದರು. ಕೂಸಿನ ಎದೆಬಡಿತ ಕೇಳಿಸಿತು. ಆದರೆ ಕಾಗದದ ಮೇಲಿನ ಗೆರೆ ನಡುನಡುವೆ ಕುಸಿಯುತ್ತಿತ್ತು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮನವರು ನಿಧಾನವಾಗಿ ಹೇಳಿದರು: "ಹೊಕ್ಕಳಬಳ್ಳಿ ಕುತ್ತಿಗಿಗೆ ಸುತ್ತೇತಿ. ಅದು ಭಾಳ ಕೂಸುಗಳಿಗೆ ಇರತೈತಿ, ಅದಕ್ಕ ಅಂಜೂದಿಲ್ಲ. ಆದ್ರ ಕೂಸಿನ ಸುತ್ತಲ ನೀರು ಕಡಿಮಿ ಆಗಿ ಬಳ್ಳಿ ಒತ್ತಾಕತ್ತೇತಿ. ಈಗ ಆಪರೇಷನ್ ಮಾಡಬೇಕ್ರಿ. ನಾಳೆ ಅಂದಿದ್ರ ನನ್ನ ಕೈಯಾಗ ಇರ್ತಿದ್ದಿಲ್ಲ."

ಹೆಣ್ಣುಮಗು. ಹುಟ್ಟಿದಾಗ ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದು ಅತ್ತ ದಿನ ನಾನೂ ಅತ್ತುಬಿಟ್ಟೆ.

ಕರೆಂಟು ದಿನಾ ಹೋಗುತ್ತದೆ ಎನ್ನುವವರಿದ್ದಾರೆ. ಹೌದು, ಹೋಗುತ್ತದೆ. ಅಂದು ನಾನು ಕೇಳಿದ ಮೇಲೆ ಹೋಯಿತು. ಅದು ತಾಯಿಯ ಉತ್ತರವೆಂದೇ ನನ್ನ ನಂಬಿಕೆ.

ಇನ್ನೊಂದು ಮಾತು. ಪಕ್ಕದ ಹಾಸಿಗೆಯಲ್ಲಿ ಮುಂಡರಗಿ ಕಡೆಯ ಹೆಣ್ಣುಮಗಳೊಬ್ಬಳಿದ್ದಳು. ಅವಳ ಕೂಸಿನ ಬಡಿತ ಸಿಗಲಿಲ್ಲ. ಅವಳೂ ಇದೇ ತಾಯಿಗೆ ಬೇಡಿಕೊಂಡಿದ್ದಳಂತೆ. ಮಗ್ಗುಲಿಗೆ ತಂದ ನನ್ನ ಕೂಸು ಅಳುವಾಗ ಅವಳು ಗೋಡೆಯ ಕಡೆ ಹೊರಳಿದ್ದನ್ನು ಕಂಡಿದ್ದೇನೆ. ಯಾಕೆ ಹೀಗೆಂದು ನನಗೆ ತಿಳಿಯದು. ಹರಕೆ ತೀರಿಸಿದ ದಿನ ತಾಯಿಗೆ ಅವಳ ಹೆಸರಿನಲ್ಲೂ ಉಡಿ ತುಂಬಿದೆ. ಇದನ್ನು ಓದಿದವರು ಅವಳಿಗಾಗಿಯೂ ಒಮ್ಮೆ ಕೈಮುಗಿಯಿರಿ.