ನಾಲ್ಕು ಕೋಟಿಯ ನೀಲಗಂಗವ್ವ

ಕೋಟೆ ಹಿಡಿದವರ ಕಥೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ನೀಲಗಂಗವ್ವನದು ಉಲ್ಟಾ: ಕೋಟೆಯೇ ಅವಳನ್ನು ಹಿಡಿಯಿತು. ಅದೂ ನಡುವಿನ ಹತ್ತಿರ, ಬಿಗಿಯಾಗಿ.

ಸ್ವಾತಂತ್ರ್ಯ ಬಂದ ವರ್ಷದ ದೀಪಾವಳಿ ಆಗತಾನೆ ಮುಗಿದಿತ್ತು. ಶಿರಹಟ್ಟಿ ಕೋಟೆಯ ದೊಡ್ಡ ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ಕಾವಲುಗಾರನ ಉಡದಾರದಲ್ಲಿ, ಕಾವಲುಗಾರ ಸಂತೆಯಲ್ಲಿ. ಉಳಿದದ್ದು ಆ ಬಾಗಿಲಿನ ಹೊಟ್ಟೆಯೊಳಗಿನ ದಿಡ್ಡಿ, ಒಬ್ಬರು ತಲೆ ಬಗ್ಗಿಸಿ ನುಸುಳುವಷ್ಟು ಸಣ್ಣ ಬಾಗಿಲು. ನೀಲಗಂಗವ್ವ ತಲೆ ಬಗ್ಗಿಸಿದಳು; ತಲೆ ಹೋಯಿತು, ಭುಜ ಹೋಯಿತು, ನಡುವಿಗೆ ಕಟ್ಟಿಕೊಂಡಿದ್ದ ರೊಟ್ಟಿಯ ಬುತ್ತಿ ಹೋಗಲಿಲ್ಲ. ಮುಂದೆ ಸಾಂಗ್ಲಿ ಸಂಸ್ಥಾನದ ಕೋಟೆ, ಹಿಂದೆ ಲಕ್ಷ್ಮೇಶ್ವರದ ಗಂಡ. ನಡುವೆ ನೀಲಗಂಗವ್ವ.

ಗಂಡ ಅಂದಾನಪ್ಪ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ವ್ಯಾಪಾರಿ. ಕೋಟೆ ನೋಡಲು ಹೊರಟವನು ಮರ್ಯಾದೆಗೆಂದು ಕೋಟು ಹಾಕಿಕೊಂಡು ಬಂದಿದ್ದ. ಮಂದಿಯ ಮುಂದೆ ಹೆಂಡತಿಯನ್ನು ಮುಟ್ಟುವ ಪದ್ಧತಿ ಅವನ ಮನೆತನದಲ್ಲಿರಲಿಲ್ಲ. ಹೆಸರು ಹಿಡಿದು ಕರೆದರೇ ಹೆಚ್ಚು. ಸಂತೆಗೆ ಹೊರಟಿದ್ದ ಹತ್ತಿಪ್ಪತ್ತು ಜನ ಈಗಾಗಲೇ ನಿಂತು, ಬುಟ್ಟಿಗಳನ್ನು ಕೆಳಗಿಳಿಸಿದ್ದರು.

"ಸಾವ್ಕಾರ್ರ, ಜ್ವಾಳದ ಚೀಲ ಅಂತ ತಿಳಕೊಂಡು ನೂಕ್ರಿ. ದಿನಾ ಮಾಡೂ ಕೆಲಸಾನ ಐತಿ," ಎಂದ ಖಾಸಿಂಸಾಬ. ಅವರ ಸವಾರಿ ಬಂಡಿ ಹೊಡೆಯುವವನು.

"ನೀನ ನೂಕಲೇ."

"ಸಾವ್ಕಾರ್ರ ಚೀಲಕ್ಕ ನಾ ಕೈ ಹಚ್ಚಂಗಿಲ್ರಿ."

"ಯಾರದು ಚೀಲ ಅಂದಾಂವ?" ಕೋಟೆಯ ಒಳಗಿನಿಂದ ನೀಲಗಂಗವ್ವನ ಧ್ವನಿ ಬಂತು. "ಒಳಗ ಬಂದ ಮ್ಯಾಲೆ ನೋಡ್ಕೋತೀನಿ!"

ಅಂದಾನಪ್ಪ ಕಣ್ಣು ಮುಚ್ಚಿ, ಶಿವನನ್ನು ನೆನೆದು, ನೂಕಿದ. ನೀಲಗಂಗವ್ವ ತೋಪಿನ ಗುಂಡಿನಂತೆ ಒಳಗೆ ಹಾರಿದಳು. ಅವಳ ಬೆನ್ನಿಗೇ ನುಗ್ಗಿದವನ ಧೋತರ ಬಾಗಿಲಿನ ಮೊಳೆಗೆ ಸಿಕ್ಕಿ ಮೊಣಕಾಲಿನಿಂದ ಮೇಲಕ್ಕೆ ಚರ್ರೆಂದಿತು. ಹರಕೆ ತೀರಿಸಲು ಬಂದವನ ಧೋತರ ಹರಕಾಯಿತು.

ಅಂದಾನಪ್ಪ ಹಿಂದಡಿ ಇಡಲಿಲ್ಲ. ಇಡುವಂತೆಯೂ ಇರಲಿಲ್ಲ. ಈ ಹರಕೆಯ ಇನ್ನೊಂದು ತುದಿಗೆ ತನ್ನ ಪ್ರಾಣ ಕಟ್ಟಿದೆ ಎಂದು ಅವನು ನಂಬಿದ್ದ.

ನಂಬಲು ಕಾರಣವಿತ್ತು. ಆ ಆಷಾಢದಲ್ಲಿ ಅವನಿಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಹಾಸಿಗೆ ಹಿಡಿದಿದ್ದ. ಗದಗಿನಿಂದ ಡಾಕ್ಟರು ಎರಡು ಸಲ ಬಂದು ಹೋದರು. ಅವನು ಎದ್ದು ಗೋಡೆ ಹಿಡಿದು ನಡೆಯತೊಡಗಿದ ದಿನವೇ ಸೋಮೇಶ್ವರ ಗುಡಿಯ ಪೂಜಾರಿ ಮನೆಗೆ ಬಂದು, ಅವನ ತಾಯಿ ಸಿದ್ದಲಿಂಗವ್ವನಿಗೆ ಗುಟ್ಟು ಹೇಳುವವನಂತೆ ಓಣಿಗೆಲ್ಲ ಕೇಳುವ ಹಾಗೆ ಹೇಳಿದ: "ನಿಮ್ಮ ಸೊಸಿ ದೇವರ ಮುಂದ ನಾಕು ಕೋಟಿ ಬೇಡಿಕೊಂಡಾಳ್ರಿ!"

ನಾಲ್ಕು ಕೋಟಿ ಎಂದರೆ ನಾಲ್ಕು ಕೋಟಿ ಜಪವೇ ಸರಿ ಎಂದು ಸಿದ್ದಲಿಂಗವ್ವ ತನ್ನ ರುದ್ರಾಕ್ಷಿ ಸರವನ್ನು ಸೊಸೆಯ ಕೈಗಿಟ್ಟಳು. ಅಂದಾನಪ್ಪ ಕೂತಲ್ಲೇ ಲೆಕ್ಕ ಹಾಕಿದ. ದಿನಕ್ಕೆ ಹತ್ತು ಸಾವಿರ ಜಪ ಮಾಡಿದರೂ ನಾಲ್ಕು ಸಾವಿರ ದಿನ. ಹತ್ತಿರ ಹತ್ತಿರ ಹನ್ನೊಂದು ವರ್ಷ.

"ಹನ್ನೊಂದು ವರ್ಷ ರೊಟ್ಟಿ ಬಡಿಯೋರು ಯಾರಬೇ?" ಎಂದು ತಾಯಿಯನ್ನು ಕೇಳಿದ.

ಸಿದ್ದಲಿಂಗವ್ವನ ಭಕ್ತಿ ಅಲ್ಲಾಡಿದ್ದು ಅದೊಂದೇ ಸಲ. ಆಗ ನೀಲಗಂಗವ್ವ ಸರವನ್ನು ಗೂಟಕ್ಕೆ ನೇತುಹಾಕಿ, "ಎಣಸೂ ಕೋಟಿ ಅಲ್ಲರಿ ಅತ್ತಿ. ಹತ್ತೂ ಕೋಟಿ," ಎಂದಳು.

"ಹತ್ತು ಕೋಟಿ?" ಅತ್ತೆ ಎದೆ ಹಿಡಿದುಕೊಂಡಳು. "ಪೂಜಾರಿ ನಾಕು ಅಂದನಲ್ಲ!"

"ನಾಕು ಕೋಟೀನ ರೀ. ಹತ್ತೂದು ಅಂದ್ರ ಏರೂದು. ಕಲ್ಲಿನ ಕೋಟಿ. ಶಿರಹಟ್ಟಿದು, ಮುಂಡರಗಿದು, ಗಜೇಂದ್ರಗಡದ್ದು, ಕೊಪ್ಪಳದ್ದು. ನಮ್ಮ ನಾಡಿನ ಈ ನಾಕು ಕೋಟಿ ಹತ್ತಿ, ನೋಡಿ, ಪ್ರದಕ್ಷಿಣಿ ಹಾಕಿ ಬರತೀನಿ ಅಂತ ಬೇಡಿಕೊಂಡೇನಿ."

ಲಕ್ಷ್ಮೇಶ್ವರದ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು ಕೋಟೆ ನೋಡಲು ಹೋಗುತ್ತೇನೆ ಎಂದಿದ್ದರೆ, ಬೇರೆ ದಿನವಾದರೆ ಮನೆಯಲ್ಲಿ ಮಹಾಭಾರತ ಆಗುತ್ತಿತ್ತು. ಆದರೆ ಹನ್ನೊಂದು ವರ್ಷದ ಜಪದ ಪಕ್ಕದಲ್ಲಿಟ್ಟು ನೋಡಿದರೆ ನಾಲ್ಕು ಕೋಟೆ ಬಹಳ ಸೋವಿ. "ಕಲ್ಲಿನವಾದರ ಆತು ಬಿಡು," ಎಂದು ಸಿದ್ದಲಿಂಗವ್ವ ಬೆವರು ಒರೆಸಿಕೊಂಡು ಒಪ್ಪಿದಳು.

ಯಾತಕ್ಕಾಗಿ ಬೇಡಿಕೊಂಡೆ ಎಂದು ಯಾರೂ ಕೇಳಲಿಲ್ಲ. ಹರಕೆ ತೀರುವ ತನಕ ಬೇಡಿದ್ದನ್ನು ಬಾಯಿ ಬಿಡಬಾರದು; ಬಿಟ್ಟರೆ ಫಲವಿಲ್ಲ. ತೀರಿಸದೆ ಬಿಟ್ಟರೆ ಅದು ಯಾರಿಗಾಗಿ ಬೇಡಿದ್ದೋ ಅವರ ತಲೆಗೇ ಬರುತ್ತದೆ. ಇಪ್ಪತ್ತೊಂದು ದಿನದ ಜ್ವರ ಬಿಟ್ಟು ಎದ್ದು ಕೂತವನು ಮನೆಯಲ್ಲಿ ಒಬ್ಬನೇ ಇದ್ದುದರಿಂದ, ಆ ತಲೆ ಯಾರದು ಎಂದು ಅಂದಾನಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಶಿರಹಟ್ಟಿಯ ಕೋಟೆಯೊಳಗೆ ನೀಲಗಂಗವ್ವ ಹರಿದ ಧೋತರದವನನ್ನು ಹಿಂದೆ ಕಟ್ಟಿಕೊಂಡು ಗೋಡೆಗುಂಟ ಪೂರ್ತಿ ಒಂದು ಸುತ್ತು ಹಾಕಿದಳು. ಬುರುಜು ಸಿಕ್ಕರೆ ಏರಿದಳು, ಕಿಂಡಿ ಸಿಕ್ಕರೆ ಇಣುಕಿದಳು. ಕಲ್ಲಿಗೆ ಕಲ್ಲು ಕೂತಲ್ಲಿ ಸುಣ್ಣ ಹಾಕಿದ್ದಾರೋ ಇಲ್ಲವೋ ಎಂದು ಉಗುರಿನಿಂದ ಕೆರೆದು ನೋಡಿದಳು. "ಇಲ್ಲಿ ಏನೈತಿ ಅಂತ ಇಷ್ಟು ನೋಡ್ತೀ?" ಎಂದು ಅಂದಾನಪ್ಪ ಕೇಳಿದರೆ, "ನೋಡಿದ ಮ್ಯಾಲೆ ಹೇಳ್ತೀನಿ," ಎಂದಳು. ಹೇಳಲಿಲ್ಲ.

ಮುಂಡರಗಿಗೆ ಹೋಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಮಿರಜಿನವರ ಲಕ್ಷ್ಮೇಶ್ವರ, ಸಾಂಗ್ಲಿಯವರ ಶಿರಹಟ್ಟಿ ಎರಡೂ ಮುಂಬಯಿ ಸರಕಾರಕ್ಕೆ ಸೇರಿ, ಮನೆಯಿಂದ ಅಲ್ಲಾಡದೆಯೇ ಅಂದಾನಪ್ಪನ ವಿಳಾಸ ಬದಲಾಗಿತ್ತು. ನೀಲಗಂಗವ್ವನ ತವರು ಮುಂಡರಗಿ ಕಡೆಯ ಹಿರೇವಡ್ಡಟ್ಟಿ. ಅಲ್ಲಿ ರಾತ್ರಿ ಉಳಿದು, ನಸುಕಿನಲ್ಲಿ ಬಂಡಿ ಹೂಡಿಸಿ, ಬಿಸಿಲೇರುವ ಮೊದಲೇ ಗುಡ್ಡದ ಬುಡಕ್ಕೆ ಬಂದರು. ಸಣ್ಣಾಕಿ ಇದ್ದಾಗಿನಿಂದ ಆ ಗುಡ್ಡವನ್ನು ದೂರದಿಂದ ನೋಡಿದವಳು ಅವಳು. ಅದರ ನೆತ್ತಿಯ ಮೇಲಿನ ಕೋಟೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅರ್ಧ ಗುಡ್ಡಕ್ಕೆ ಅಂದಾನಪ್ಪ ಒಂದು ಬಂಡೆಯ ಮೇಲೆ ಕೂತುಬಿಟ್ಟ.

"ನೀ ಹೋಗಿ ಬಾ. ನಾ ಇಲ್ಲಿಂದನ ಕೈ ಮುಗೀತೀನಿ."

"ಕುಂಡ್ರಿ, ಕುಂಡ್ರಿ," ಎಂದಳು ಅವಳು ಮೇಲಿನ ಮೆಟ್ಟಿಲಿನಿಂದ. "ಹರಕಿ ಅರ್ಧಕ್ಕ ನಿಂತರ ಏನಾಗತೈತಿ ಅಂತ ನಿಮಗ ಗೊತ್ತೈತಲ್ಲ."

ಅಂದಾನಪ್ಪ ಕುಂಡಿ ಝಾಡಿಸಿಕೊಂಡು ಎದ್ದ. ಮುಂದೆ ಎರಡು ವರ್ಷಕ್ಕೆ ಗಜೇಂದ್ರಗಡವನ್ನೂ ಏರಿದ. ಅಲ್ಲಿಯ ಮೆಟ್ಟಿಲುಗಳ ಬಗ್ಗೆ ಅವನು ಆಮೇಲೆ ಯಾರೊಡನೆಯೂ ಮಾತಾಡಲಿಲ್ಲ. ಗಡ ಎಂದರೆ ಸಾಕು, ಕಾಲು ಗಡಗಡ ಎನ್ನುತ್ತಿದ್ದವು.

ಇನ್ನು ಉಳಿದದ್ದು ಕೊಪ್ಪಳ. ಗದಗಿನಲ್ಲಿ ರೈಲು ಹತ್ತಿದರೆ ಮುಗಿಯಿತು. ರಜಾಕಾರರ ಗದ್ದಲ ಅಡಗಿ, ನಿಜಾಮನ ಕಾಲ ಮುಗಿದು ಆಗಲೇ ಮೂರು ವರ್ಷವಾಗಿತ್ತು. ಅಂದಾನಪ್ಪ ಒಂದು ಸೋಮವಾರ ಬುತ್ತಿ ಕಟ್ಟು ಎಂದ. ನೀಲಗಂಗವ್ವ ಕಟ್ಟಲಿಲ್ಲ.

"ಕೊಪ್ಪಳ ಯಾವ ರಾಜ್ಯದಾಗ ಐತ್ರಿ?"

"ಹೈದರಾಬಾದ ರಾಜ್ಯದಾಗ."

"ನಾವು?"

"ಮುಂಬಯಿ ರಾಜ್ಯದಾಗ. ಅದಕ್ಕೇನಾತು?"

"ದೇವರ ಮುಂದ ನಾ ಅಂದದ್ದು ನಮ್ಮ ನಾಡಿನ ಕೋಟಿ ಅಂತ. ಮಂದಿ ನಾಡಿನ ಕೋಟಿ ಹತ್ತಿದರ ಲೆಕ್ಕಕ್ಕ ಬರಂಗಿಲ್ಲ. ಶಿರಹಟ್ಟಿ ಸಾಂಗ್ಲಿಯವರದಿತ್ತು, ಹತ್ತಿದ ಮ್ಯಾಲರ ನಮ್ಮದಾತು. ಇದೂ ನಮ್ಮದಾಗಲಿ, ಹೋಗೂಣಂತ."

"ಬ್ಯಾರೆ ಕೋಟಿ ನೋಡೂಣ. ಈ ಕಡೆ ಏನ್ ಕಡಿಮಿ ಅದಾವು?"

"ಹೆಸರು ಹಿಡಿದು ಹೇಳೇನ್ರಿ. ದೇವರೇನು ನಿಮ್ಮ ಗಿರಾಕಿ ಅಲ್ಲ, ಗೋದಿ ಇಲ್ಲ ಜ್ವಾಳ ಒಯ್ಯಿ ಅನ್ನಾಕ."

ಅಂದಾನಪ್ಪ ಮೂರು ದಿನ ವಾದಿಸಿದ. ನಾಲ್ಕನೆಯ ದಿನ ಅವನಿಗೆ ಸಣ್ಣಗೆ ನೆಗಡಿ ಬಂತು. ಸಂಜೆಗೆ ಮೈ ಬೆಚ್ಚಗಾಯಿತು. ಹಾಸಿಗೆಯಲ್ಲಿ ಮಲಗಿ ಜಂತಿ ಎಣಿಸುತ್ತ ಅವನು ಒಂದು ನಿಶ್ಚಯಕ್ಕೆ ಬಂದ: ಹೆಂಡತಿಯನ್ನು ಬದಲಾಯಿಸುವುದಕ್ಕಿಂತ ರಾಜ್ಯದ ಗಡಿಯನ್ನು ಬದಲಾಯಿಸುವುದು ಹಗುರ.

ಹೀಗೆ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬ ಕರ್ನಾಟಕ ಏಕೀಕರಣಕ್ಕೆ ಧುಮುಕಿದ.

ಧುಮುಕಿದವನು ಅರ್ಧ ಮನಸ್ಸಿನಿಂದ ಧುಮುಕಲಿಲ್ಲ. ಗದಗಿನಲ್ಲಿ ಸಭೆ ಎಂದರೆ ಅಂದಾನಪ್ಪ ಮೊದಲ ಸಾಲಿನಲ್ಲಿ ಇದ್ದ. ಮೆರವಣಿಗೆ ಎಂದರೆ ಕೋಟಿನ ಮೇಲೆ ಬಿಲ್ಲೆ ಚುಚ್ಚಿಕೊಂಡು ಬಂದ. ಅರ್ಜಿಗೆ ಸಹಿ ಬೇಕೆಂದರೆ ಪೇಟೆಯ ಹಮಾಲರನ್ನೆಲ್ಲ ಸಾಲು ಹಚ್ಚಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದ. ಒಮ್ಮೆ ಸಭೆಯಲ್ಲಿ ಎರಡು ಮಾತು ಹೇಳಿರಿ ಎಂದು ಎಬ್ಬಿಸಿದರು. ಅಂದಾನಪ್ಪ ಜನ್ಮದಲ್ಲಿ ಮೊದಲ ಸಲ ಭಾಷಣಕ್ಕೆ ನಿಂತು ಗಂಟಲು ಸರಿಪಡಿಸಿಕೊಂಡ.

"ಬಳ್ಳಾರಿ ಬರಲಿ, ಬೆಳಗಾವಿ ಬರಲಿ, ಬೀದರ ಬರಲಿ. ಎಲ್ಲಾ ಬರಲಿ, ಸಂತೋಷ. ಆದರ ಮೊದಲ ಕೊಪ್ಪಳ ತರ್ರಿ! ನಾ ಜೀವಂತ ಇರೂದರಾಗ ತರ್ರಿ!"

ಹೇಳುವಾಗ ಅವನ ಕಣ್ಣು ತುಂಬಿತು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾಡಿಗಾಗಿ ಇಷ್ಟು ಮರುಗುವ ವ್ಯಾಪಾರಿಯನ್ನು ಗದಗು-ಬೆಟಗೇರಿ ಹಿಂದೆ ಕಂಡಿರಲಿಲ್ಲ. ಬೆಟಗೇರಿಯ ನೇಕಾರರು ನೂಲಿನ ಹಾರ ಹಾಕಿದರು. ಮುಂದಿನ ವರ್ಷ ಒಂದು ಮೆರವಣಿಗೆಯಲ್ಲಿ ಪೊಲೀಸರು ಅವನನ್ನೂ ಹಿಡಿದು ಮಧ್ಯಾಹ್ನದ ತನಕ ಠಾಣೆಯಲ್ಲಿ ಕೂರಿಸಿದರು. ಆ ದಿನ ಗದಗಿಗೇ ಬಂದಿದ್ದ ನೀಲಗಂಗವ್ವ ಬುತ್ತಿ ತೆಗೆದುಕೊಂಡು ಹೋಗಿ, ಠಾಣೆಯ ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಇದಕ್ಕೂ ಸುಣ್ಣ ಹಾಕಿಲ್ಲ," ಎಂದಳು.

"ಏ ಇಕಿ, ನಾ ಜೇಲಿನ್ಯಾಗ ಅದೀನಿ!"

"ಜೇಲು ಅಲ್ಲ, ಠಾಣಾ. ರೊಟ್ಟಿ ತಿನ್ರಿ. ಕೊಪ್ಪಳದ ಖಬರ ಏನು?"

ದಿಲ್ಲಿಯಿಂದ ಕಮಿಷನ್ ಬಂತು, ವರದಿ ಬಂತು, ಗದ್ದಲ ಬಂತು. ಅಂದಾನಪ್ಪ ದಿನಾ ಬೆಳಿಗ್ಗೆ ಪತ್ರಿಕೆ ತರಿಸಿ, ಮೊದಲು ಕೊಪ್ಪಳ ಎಂಬ ಮೂರಕ್ಷರ ಹುಡುಕುತ್ತಿದ್ದ, ಆಮೇಲೆ ಕಾಳಿನ ಧಾರಣೆ. ಕಡೆಗೆ ಐವತ್ತಾರನೆಯ ಇಸವಿ ನವೆಂಬರ್ ಒಂದಕ್ಕೆ ನಾಡು ಒಂದಾಯಿತು. ಲಕ್ಷ್ಮೇಶ್ವರದಲ್ಲಿ ಪೇಡೆ ಹಂಚಿದರು. ಅಂದಾನಪ್ಪ ಪೇಡೆಯನ್ನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಒಳಗೆ ಕೂಗಿದ: "ಬುತ್ತಿ ಕಟ್ಟು!"

ಕಟ್ಟಿದಳು. ಖಾಸಿಂಸಾಬನ ಗಡ್ಡ ಅಷ್ಟರಲ್ಲಿ ಬೆಳ್ಳಗಾಗಿತ್ತು. ಮೊದಲ ಮೂರು ಕೋಟೆಗೆ ಬಂದವನನ್ನು ನಾಲ್ಕನೆಯದಕ್ಕೆ ಬಿಡುವುದು ಸರಿಯಲ್ಲವೆಂದು, ಬಂಡಿಯನ್ನು ಗದಗಿನ ನಿಲ್ದಾಣದಲ್ಲಿ ಬಿಡಿಸಿ ಅವನನ್ನೂ ರೈಲಿಗೆ ಹತ್ತಿಸಿಕೊಂಡರು.

ಕೊಪ್ಪಳದ ಕೋಟೆ ಅಂದಾನಪ್ಪ ಅಂದುಕೊಂಡದ್ದಕ್ಕಿಂತ ಎತ್ತರವಾಗಿತ್ತು. ಬಂಡೆಯ ಮೇಲೆ ಬಂಡೆ, ಗೋಡೆಯ ಮೇಲೆ ಗೋಡೆ. ಅವನಿಗೀಗ ಐವತ್ತೆರಡು. ಮೊದಲ ಬಾಗಿಲಿಗೆ ಕೋಟು ಬಿಚ್ಚಿ ಖಾಸಿಂಸಾಬನ ಕೈಗೆ ಕೊಟ್ಟ, ಎರಡನೆಯದಕ್ಕೆ ರುಮಾಲು. ದಾರಿಯಲ್ಲಿ ಇಳಿಯುತ್ತಿದ್ದ ಒಬ್ಬರು, "ಹಿರ್ಯಾರ, ಇಲ್ಲಿತನಕ ಬಂದೀರಲ್ಲ, ಸಾಕು. ಮ್ಯಾಲೆ ಹಾದಿ ಕೆಟ್ಟೈತಿ," ಎಂದರು.

"ಒಂಬತ್ತು ವರ್ಷ ಆತು ನಾ ಈ ಹಾದಿ ಹಿಡಿದು," ಎಂದ ಅಂದಾನಪ್ಪ. "ಸರೀರಿ."

ಕಡೆಯ ಹತ್ತು ಮಾರನ್ನು ಅವನು ಕೈಕಾಲು ಊರಿಕೊಂಡು ಏರಿದ. ಆದರೆ ಏರಿದ. ನೆತ್ತಿಯ ಮೇಲೆ ನಿಂತಾಗ ಗಾಳಿ ಧೋತರವನ್ನು ಬಾವುಟ ಮಾಡಿತು. ಕೆಳಗೆ ನಾಲ್ಕೂ ದಿಕ್ಕಿಗೆ ಜೋಳದ ಹೊಲ, ಕೆರೆ, ರೈಲಿನ ಹಳಿ; ಗಡಿ ಎಲ್ಲಿತ್ತು ಎಂದು ಹುಡುಕಿದರೆ ಗೆರೆಯ ಗುರುತೂ ಕಾಣಲಿಲ್ಲ. ನೀಲಗಂಗವ್ವ ಅಷ್ಟರಲ್ಲಿ ಪ್ರದಕ್ಷಿಣೆ ಸುರು ಮಾಡಿದ್ದಳು. ಮುಗಿಸಿ ಬಂದು, ಬುರುಜಿನ ನೆರಳಿನಲ್ಲಿ ಕೂತು ಗಂಟು ಬಿಚ್ಚಿದಳು. ಮೂವರಿಗೂ ರೊಟ್ಟಿ, ಶೇಂಗಾ ಚಟ್ನಿ.

"ಅಂತೂ ಹರಕಿ ತೀರಿತ್ರಿ ಅವ್ವಾರ," ಎಂದ ಖಾಸಿಂಸಾಬ. "ಇನ್ನ ಬಾಯಿ ಬಿಡಾಕ ಅಡ್ಡಿ ಇಲ್ಲ. ಅವತ್ತು ಏನು ಬೇಡಿಕೊಂಡಿದ್ದಿರಿ?"

ಅಂದಾನಪ್ಪ ಅವನ ಕೈಯಿಂದ ಕೋಟನ್ನು ಇಸಿದುಕೊಂಡು ತೊಟ್ಟ. ಗುಂಡಿ ಹಚ್ಚಿಕೊಂಡ. ತನ್ನ ಪ್ರಾಣದ ಮಾತು ಬರುವಾಗ ಬರೀ ಅಂಗಿಯಲ್ಲಿ ಕೂತಿರುವುದು ಅವನಿಗೆ ಸರಿಕಾಣಲಿಲ್ಲ. ಇರಲಿ ಬಿಡು, ದೊಡ್ಡ ಮಾತು ಯಾಕೆ ಎನ್ನಲು ಒಂದು ನಗೆಯನ್ನೂ ತಯಾರು ಮಾಡಿಕೊಂಡ.

"ನಮ್ಮ ಕರಿ ಎಮ್ಮಿ ಹಿಂಡೂವಾಗ ಒದೀತಿತ್ತು ನೋಡಪಾ," ಎಂದಳು ನೀಲಗಂಗವ್ವ, ರೊಟ್ಟಿ ಮುರಿಯುತ್ತ. "ಅದು ಒದಿಯೂದು ಬಿಡಲಿ ಅಂತ ಬೇಡಿಕೊಂಡಿದ್ದೆ."

ಖಾಸಿಂಸಾಬ ತುತ್ತು ನುಂಗಿ, ಸಾವ್ಕಾರರ ಕಡೆ ನೋಡದೆ ಕೇಳಿದ: "ಬಿಟ್ಟತೇನ್ರಿ?"

"ಎಲ್ಲಿ ಬಿಟ್ಟತು? ಮುಂಡರಗಿಗೆ ಹೋಗಿ ಬಂದ ವರ್ಷ ಅದನ್ನ ಮಾರಿದಿವಿ."

ಅಂದಾನಪ್ಪನ ಕೈಯಲ್ಲಿನ ರೊಟ್ಟಿ ಬಾಯಿಗೂ ಹೋಗದೆ ಗಂಟಿಗೂ ಬಾರದೆ ನಿಂತಿತ್ತು.

"ಮತ್ತ ನನ್ನ ಜ್ವರಾ?"

"ನಿಮಗ ಡಾಕ್ಟರ ಇದ್ರಲ್ಲರಿ," ಎಂದಳು ನೀಲಗಂಗವ್ವ. "ಎಮ್ಮಿಗೆ ಯಾರಿದ್ರು?"