ಬಾಳೆಗೊನೆ ಹೊತ್ತ ಅಪ್ಪನ ಕಾರು

ಕೆಮ್ಮಿದ ಹಾಗೆ ಎರಡು ಸಲ ಕೂಗುವ ಆ ಹಾರ್ನ್ ಹೊಸಪೇಟೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಕೇಳಿಸಿತು. ನನ್ನನ್ನು ಬಸ್ ಹತ್ತಿಸಲು ಬಂದಿದ್ದ ಅಪ್ಪ, “ನಮ್ಮ ಗಾಡಿ!” ಎಂದು ಕೈ ಬಿಡಿಸಿಕೊಂಡು ಹೊರಟೇಬಿಟ್ಟರು.

ಕಣ್ಣು ಮಂಜಾಯಿತೆಂದು ಕಾರು ಮಾರಿದ ದಿನ ಅವರು ಊಟ ಮಾಡಿರಲಿಲ್ಲ. ಈಗ ನನಗೆ ಕಂಡದ್ದು ಅವರಿಗೆ ಕಂಡಿರಲಿಲ್ಲ. ಕೊಂಡವನು ಅದರ ಹಿಂದಿನ ಅರ್ಧ ಕತ್ತರಿಸಿ, ಮರದ ಬಾಡಿ ಕೂಡಿಸಿ, ಬಾಳೆಗೊನೆ ಹೇರುವ ಪುಟ್ಟ ಲಾರಿ ಮಾಡಿದ್ದ. ಓ ಗಾಡ್, ತಡೆಯಬೇಕು ಅನ್ನುವಷ್ಟರಲ್ಲಿ ಅಪ್ಪನ ಕೈ ಬಾನೆಟ್ಟು, ಮಡ್‌ಗಾರ್ಡು, ಮುಂದಿನ ಬಾಗಿಲನ್ನು ಸವರುತ್ತಾ ಹೋಗಿ ಒರಟು ಹಲಗೆಗೆ ತಾಗಿ ನಿಂತಿತು.

ಕಾರು ಕೊಂಡಿದ್ದ ಕಂಪ್ಲಿಯ ರೈತ ಗಾಬರಿಯಿಂದ ಇಳಿದ. “ಹಿಂದ ಅಷ್ಟ ಕೊಯ್ಸೀನ್ರಿ, ಸಾಹೇಬ್ರ. ಮುಂದ ಏನೂ ಮುಟ್ಟಿಲ್ಲ. ಹತ್ರಿ, ಮನಿ ತನಕ ಬಿಡ್ತೀನಿ.”

ಅಪ್ಪ ಹಲಗೆಯನ್ನು ಎರಡು ಸಲ ತಟ್ಟಿ ನಕ್ಕುಬಿಟ್ಟರು. “ಅಂದ್ರ ರಿಟೈರ್ ಆಗಿದ್ದು ನಾ ಒಬ್ಬನ! ಇದು ಇನ್ನೂ ದುಡಿಯಾಕ ಹತ್ತೈತಲ್ಲೋ!”

ದೋಣಿಮಲೈಗೆ ಹೊರಟ ನನ್ನ ಬಸ್ಸಿನ ಕಿಟಕಿಯಿಂದ ನೋಡಿದೆ. ಬಾಳೆಗೊನೆಗಳ ಮುಂದೆ, ಫ್ರಂಟ್ ಸೀಟಿನಲ್ಲಿ, ಮೊಣಕೈ ಹೊರಗಿಟ್ಟು ಅಪ್ಪ ಥೇಟ್ ಮೊದಲಿನಂತೆ ಕುಳಿತಿದ್ದರು. ನನಗೆ ಟಾಟಾ ಮಾಡುವುದನ್ನೇ ಮರೆತಿದ್ದರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಹಾಗೆ.