ಶ್ಯೂರ್ ಅಂದರೆ ಏನು

ನನ್ನ ಕೈಬರಹ ಚೆನ್ನಾಗಿಲ್ಲ, ಅದಕ್ಕೆ ಫೋನಿನಲ್ಲಿ ಬರೆಯುತ್ತಿದ್ದೇನೆ. ಓದಿದ್ದು ಏಳನೆಯವರೆಗೆ ಮಾತ್ರ, ಕಾಗುಣಿತ ತಪ್ಪಿದ್ದರೆ ಮನ್ನಿಸಿ.

ಹಂಪಿ ಪಕ್ಕದ ಕಡ್ಡಿರಾಂಪುರದ ಹೋಂಸ್ಟೇಯಲ್ಲಿ ನನ್ನ ಕೆಲಸ. ನಿನ್ನೆ ಅತಿಥಿಯೊಬ್ಬರ ಗಂಜಿ ಹಾಕಿದ ಅಂಗಿಗೆ ಇಸ್ತ್ರಿ ಮಾಡುವಾಗ ಎದ್ದ ವಾಸನೆಗೆ ದೊಡ್ಡಪ್ಪ ನೆನಪಾದರು. ಅವರು ಡ್ಯಾಮಿನ ಕಡೆ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಇಂಥದೇ ಗಂಜಿ ಹಾಕಿದ ಅಂಗಿ ತೊಟ್ಟು ನಮ್ಮ ಮನೆಗೆ ಬಂದರೆ ಬಸಿಯಲ್ಲಿ ಚಹಾ ಆರಿಸುತ್ತಾ ನನಗೆ ಮಗ್ಗಿ ಕೇಳುತ್ತಿದ್ದರು.

"ಏಳೆಂಟ್ಲೆ?"

"ಐವತ್ತಾರ್ರಿ."

"ಶ್ಯೂರ್?"

ಆ ಒಂದು ಮಾತಿಗೇ ನಾನು ಐವತ್ನಾಲ್ಕು ಎನ್ನುತ್ತಿದ್ದೆ. ಮನೆಯವರೆಲ್ಲ ನಗುತ್ತಿದ್ದರು. ಹೈಸ್ಕೂಲಿಗೆ ಸೇರಿಸುವ ಮಾತು ಬಂದಾಗಲೂ ಅವರೇ ಕೇಳಿದರು, "ಹತ್ತನೇತ್ತ ಪಾಸಾಗ್ತೀಯೇನವ್ವಾ? ಶ್ಯೂರ್?" ನಾನು ತಲೆ ತಗ್ಗಿಸಿದೆ. "ಆಕಿಗೇ ಶ್ಯೂರ್ ಇಲ್ಲ, ಸುಮ್ನ ಯಾಕ ಕಳಸ್ತೀಲೇ, ಬ್ಯಾಡ ಬಿಡು" ಎಂದು ಅಪ್ಪನಿಗೆ ಹೇಳಿದರು. ಅಲ್ಲಿಗೆ ನನ್ನ ಓದು ಮುಗಿಯಿತು.

ಅಂಗಿಯ ಅತಿಥಿ ಇಂಗ್ಲಿಷ್ ಮೇಷ್ಟ್ರು. ಧೈರ್ಯ ಮಾಡಿ ಅವರನ್ನು ಕೇಳಿದೆ. ಶ್ಯೂರ್ ಪದ ಹಳೆಯ ಲ್ಯಾಟಿನ್ನಿನಿಂದ ಬಂದದ್ದಂತೆ, ಮೂಲದಲ್ಲಿ ಚಿಂತೆ ಇಲ್ಲದವನು ಎಂದು ಅರ್ಥವಂತೆ. ತಿಂಗಳ ಸಂಬಳ, ಕ್ವಾರ್ಟರ್ಸು ಇದ್ದ ದೊಡ್ಡಪ್ಪನಿಗೆ ಯಾವ ಚಿಂತೆ? ಎದುರು ನಿಂತ ಹುಡುಗಿಗೆ ಅವರೇ ಚಿಂತೆಯಾಗಿದ್ದರು.

ಈಗ ದೊಡ್ಡಪ್ಪನ ಹೊಸ ಬೀಗರು ಹಂಪಿ ನೋಡಲು ಬಂದು ನಮ್ಮ ಹೋಂಸ್ಟೇಯಲ್ಲೇ ಉಳಿಯಲಿದ್ದಾರೆ. ಇವತ್ತು ಬೆಳಿಗ್ಗೆ ದೊಡ್ಡಪ್ಪನ ಫೋನು ಬಂತು. "ರೂಮು ಪಕ್ಕಾ ಐತಲ್ಲವ್ವಾ? ನನ್ನ ಮಾನದ ಪ್ರಶ್ನಿ ನೋಡು."

ರೂಮನ್ನು ಬೀಗರ ಹೆಸರಿಗೆ ಆಗಲೇ ಬರೆದಿಟ್ಟಿದ್ದೆ. "ನೋಡಾಣ್ರಿ ದೊಡ್ಡಪ್ಪ" ಎಂದು ಫೋನಿಟ್ಟು, ಆ ರೂಮಿನ ಮಂಚಕ್ಕೆ ಒಗೆದ ಚಾದರ ಹಾಸಿದೆ.